ಯತಿನ್ ಎಲೆಗೆ ಏನು ಬಡಿಸುವುದು

ಡೊಂಬಿವಲಿ ಪೂರ್ವ
12 ಫೆಬ್ರವರಿ 2024

ಸೌಜನ್ಯ,

‘ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ’ ಎಂದು ಸುರು ಮಾಡಬಾರದಂತೆ. ನಿನ್ನ ಆ ಕೌನ್ಸೆಲರ್ ರಮಿತಾ ಹೇಳಿದ್ದಾಳೆ. ಮನಸ್ಸಿನಲ್ಲಿ ಇದ್ದದ್ದನ್ನೇ ಬರೆಯಬೇಕಂತೆ. ಸರಿ, ನನ್ನ ಮನಸ್ಸಿನಲ್ಲಿ ಇರುವುದು ಇದು: ಅತ್ತೆ ಸೊಸೆ ಫೋನಿನಲ್ಲಿ ಜಗಳ ಆಡುತ್ತಾರೆ ಎಂದು ಕಾಗದ ಬರೆಯಲು ಹೇಳುವ ಡಾಕ್ಟರನ್ನು ನಾನು ಈ ವಯಸ್ಸಿಗೆ ಈಗಲೇ ನೋಡಿದ್ದು. ಇಲ್ಲಿಂದ ಹೊರಟು ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಾಯಿಸಿದರೂ ಊಟದ ಹೊತ್ತಿಗೆ ನಾನು ನೇರೂಳಿನಲ್ಲಿ ಇರಬಹುದು. ಈ ಕಾಗದ ಯಾವಾಗ ಮುಟ್ಟುತ್ತದೋ ದೇವರಿಗೇ ಗೊತ್ತು. ಪೋಸ್ಟಾಫೀಸಿನ ಹುಡುಗಿ ಲಕೋಟೆಯನ್ನು ತಿರುಗಿಸಿ ನೋಡಿ, ‘ಆಜೀ, ವಾಟ್ಸಾಪ್ ನಾಹೀ ಕಾ?’ ಎಂದು ಕೇಳಿದಳು.

ನೀನು ಹಟ ಮಾಡಿದೆ ಎಂದು ವರ್ತಕ ನಗರದಲ್ಲಿರುವ ಆ ರಮಿತಾಳ ಕ್ಲಿನಿಕ್ಕಿಗೆ ಹೋಗಿ ಬಂದೆ. ಎ.ಸಿ. ರೂಮು, ಮೂಲೆಯಲ್ಲೊಂದು ಪ್ಲಾಸ್ಟಿಕ್ ಗಿಡ, ಮೇಜಿನ ಮೇಲೆ ಟಿಶ್ಯೂ ಪೇಪರಿನ ಡಬ್ಬಿ. ಅವಳು ಡಬ್ಬಿಯನ್ನು ನನ್ನ ಕಡೆಗೆ ದೂಡಿ, ‘ಹೇಗನಿಸ್ತದೆ ಆಂಟಿ?’ ಎನ್ನುತ್ತಾಳೆ. ಗಟ್ಟಿಮುಟ್ಟಾಗಿದ್ದ ಒಬ್ಬನೇ ಮಗ ಡೆಂಗಿ ಜ್ವರ ಬಂದು ವಾರದೊಳಗೆ ಹೋದರೆ ತಾಯಿಗೆ ಹೇಗನಿಸುತ್ತದೆ? ಇದನ್ನು ಕಲಿಯಲು ಅವಳು ಕಾಲೇಜಿಗೆ ಹೋಗಿದ್ದಾಳಂತೆ.

ನಿನ್ನ ಬಗ್ಗೆಯೂ ಇದ್ದದ್ದನ್ನು ಬರೆಯುತ್ತೇನೆ. ಯತಿನ್ ಇದ್ದಾಗ ನೀನು ಒಂದು ನಮೂನೆ, ಅವನು ಹೋದ ಮೇಲೆ ಇನ್ನೊಂದು ನಮೂನೆ. ನಾಲ್ಕು ತಿಂಗಳು ತುಂಬುವುದರೊಳಗೆ ಬ್ಯಾಗು ಕಟ್ಟಿ ನೇರೂಳಿಗೆ ಹೋದೆ. ಅವನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇತ್ತು. ನೀನು ಹೀಗೆ ಮಾಡುತ್ತೀ ಎಂದು ಯಾರಾದರೂ ಹೇಳಿದ್ದರೆ ನಾನು ಅವರ ಮೇಲೆಯೇ ರೇಗುತ್ತಿದ್ದೆ.

ಸಪ್ಟೆಂಬರಿನಲ್ಲಿ ವರ್ಷ ಆಗುತ್ತದೆ. ಅವನಿಗೆ ಎಲೆ ಬಡಿಸಬೇಕು. ಹೆಂಡತಿ ಇಲ್ಲದೆ ಬಡಿಸಿದರೆ ಅವನು ಬಂದು ಕೂರುವುದಿಲ್ಲ ಎಂದು ಕಲ್ಯಾಣದ ದಯಾನಂದ ಭಾವ ಹೇಳಿದ್ದಾರೆ. ಬರುತ್ತೀಯೋ ಇಲ್ಲವೋ, ಅಷ್ಟು ಬರೆದರೆ ಸಾಕು.

ಜಯಲತಾ

*

ನೇರೂಳು
3 ಮಾರ್ಚ್ 2024

ಅತ್ತೆಗೆ,

ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಕಲಿತದ್ದು ಬೈಗುಳ ಓದುವುದಕ್ಕೆ ಉಪಯೋಗಕ್ಕೆ ಬಂತು.

ರಮಿತಾ ಕಾಗದ ಬರೆಯಲು ಹೇಳಿದ್ದು ಯಾಕೆ ಎಂದು ನಿಮಗೂ ಗೊತ್ತು. ಫೋನ್ ಮಾಡಿದರೆ ನೀವು ‘ಎಂತ?’ ಎನ್ನುತ್ತೀರಿ. ನಾನು ‘ಊಟ ಆಯ್ತಾ?’ ಎನ್ನುತ್ತೇನೆ. ‘ನನ್ನ ಊಟ ಕೇಳುವವರು ಯಾರೂ ಇಲ್ಲ’ ಎಂದು ನೀವು ಕಟ್ ಮಾಡುತ್ತೀರಿ. ಮತ್ತೆ ನಾನು ಆಫೀಸಿನಲ್ಲಿ ಕೂತು ಅಳಬೇಕು. ಕಾಗದವನ್ನಾದರೂ ನಡುವೆ ಕಟ್ ಮಾಡಲು ಬರುವುದಿಲ್ಲ.

ನಾನು ಯಾಕೆ ಹೋದೆ ಎಂದು ನೀವು ಒಂದು ಸಲವೂ ಕೇಳಲಿಲ್ಲ. ಹೋದೆ ಎಂದು ಮಾತ್ರ ಬಿಲ್ಡಿಂಗಿಗೆಲ್ಲ ಹೇಳಿದಿರಿ. ಒಳಗಿನ ಕೋಣೆಗೆ ಹೋದರೆ ಮಂಚದಲ್ಲಿ ಅವನ ಬದಿ ಖಾಲಿ. ಹಾಲಿಗೆ ಬಂದರೆ ನೀವು ನನ್ನನ್ನೇ ನೋಡುತ್ತಿದ್ದಿರಿ, ಇವಳ ಬದಲು ಅವನು ಉಳಿಯಬೇಕಿತ್ತು ಎನ್ನುವ ಹಾಗೆ. ನನ್ನಿಂದ ಅಲ್ಲಿ ಇರಲು ಆಗಲಿಲ್ಲ. ಇರಲಿ. ಬೇಕಾಗಿದ್ದಾಗ ಹೋಗಲು ಬಿಡಲಿಲ್ಲ, ಈಗ ಹೋದದ್ದು ತಪ್ಪಾಯಿತು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಸತ್ತವನ ಮರ್ಯಾದೆ ಎಂದು ಒಂದು ಇದೆ.

ಎಲೆ ಬಡಿಸುವುದು ಎಂದರೆ ನನಗೆ ಸರಿಯಾಗಿ ಗೊತ್ತಿಲ್ಲ. ಅವನ ಹದಿಮೂರನೇ ದಿನ ಏನು ನಡೆಯಿತು ಎಂದೂ ನೆನಪಿಲ್ಲ. ವಿವರ ಬರೆಯಿರಿ, ಆಮೇಲೆ ಹೇಳುತ್ತೇನೆ.

ಸೌಜನ್ಯ

*

ಡೊಂಬಿವಲಿ ಪೂರ್ವ
20 ಮಾರ್ಚ್ 2024

ಸೌಜನ್ಯ,

ಠಾಣೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಇದನ್ನೂ ಬರೆದು ಕಳಿಸಬೇಕು.

ತೀರಿಹೋದವರಿಗೆ ವರ್ಷಕ್ಕೊಮ್ಮೆ ಬಾಳೆ ಎಲೆ ಹಾಕಿ ಬಡಿಸುವುದು ನಮ್ಮ ಕಡೆಯ ಪದ್ಧತಿ. ಅವರಿಗೆ ಏನು ಇಷ್ಟವೋ ಅದನ್ನೇ ಬಡಿಸಬೇಕು, ಮೀನಾದರೆ ಮೀನು, ಕೋಳಿಯಾದರೆ ಕೋಳಿ. ನಿನ್ನ ಮಾವನ ಎಲೆಗೆ ಒಂದು ಬೀಡಿಯನ್ನೂ ಇಡುತ್ತೇವೆ. ಬಡಿಸಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಅವರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ, ಬಾಗಿಲು ತೆರೆಯಬೇಕು. ಆಮೇಲೆ ಆ ಎಲೆಯದನ್ನು ಮನೆಯವರು ಹಂಚಿಕೊಂಡು ಉಣ್ಣುವುದು.

ಇಷ್ಟೇ. ಇದಕ್ಕೆ ಕಾಲೇಜು ಬೇಡ, ಟಿಶ್ಯೂ ಪೇಪರೂ ಬೇಡ.

ಯತಿನ್ ಎಲೆಗೆ ಮರುವಾಯಿ ಸುಕ್ಕ ಮತ್ತು ಅಕ್ಕಿಯ ಪುಂಡಿ ಕಡುಬು. ಅದರಲ್ಲಿ ಕೇಳುವಂಥದ್ದೇನೂ ಇಲ್ಲ. ಚಿಕ್ಕಂದಿನಿಂದ ಅವನಿಗೆ ಅದು ಪ್ರಾಣ. ಪ್ರತಿ ಭಾನುವಾರ ಬೆಳಿಗ್ಗೆ ನಾನು ಮಾರ್ಕೆಟ್ಟಿಗೆ ಹೋಗಿ, ಇಲ್ಲಿಯವರು ತಿಸ್ರ್ಯಾ ಎನ್ನುವ ಆ ಚಿಪ್ಪುಮೀನುಗಳನ್ನು ಆರಿಸಿ ತಂದು, ಒಂದೊಂದನ್ನೇ ಬಿಡಿಸಿ, ಬೆರಳು ಕೊಯ್ದುಕೊಂಡು ಮಾಡುತ್ತಿದ್ದೆ. ನೀನು ಮೂಗು ಮುಚ್ಚಿಕೊಂಡು ಹೊರಗಿನ ಗ್ಯಾಲರಿಯಲ್ಲಿ ನಿಲ್ಲುತ್ತಿದ್ದೆ. ಅವನು ಬಟ್ಟಲು ನೆಕ್ಕುತ್ತಿದ್ದ.

‘ಹೋಗಲು ಬಿಡಲಿಲ್ಲ’ ಎಂದು ಬರೆದಿದ್ದೀ. ಯಾರು ಬಿಡಲಿಲ್ಲ? ಅರ್ಧ ಹೇಳಿ ಅರ್ಧ ನುಂಗುವ ಅಭ್ಯಾಸ ಒಳ್ಳೆಯದಲ್ಲ.

ಜಯಲತಾ

*

ನೇರೂಳು
14 ಏಪ್ರಿಲ್ 2024

ಅತ್ತೆಗೆ,

ಮರುವಾಯಿಯಾ? ದಯವಿಟ್ಟು ಬೇಡ.

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆದರೆ ಅವನ ಎಲೆ, ವರ್ಷಕ್ಕೊಮ್ಮೆ ಬರುವ ಊಟ. ಭಾನುವಾರ ಸಂಜೆಯಾದರೆ ನಿಮ್ಮ ಮಗ ಒಳಗೆ ಬಂದು ಹೊಟ್ಟೆ ಒತ್ತಿ ಹಿಡಿದುಕೊಂಡು, ‘ಸೌಜೂ, ಗ್ಯಾಸಿನ ಮಾತ್ರೆ ಉಂಟಾ? ಆ ಚಿಪ್ಪು ನೋಡಿದ್ರೇ ವಾಕರಿಕೆ ಬರ್ತದೆ ಮಾರಾಯ್ತಿ. ಅಮ್ಮನಿಗೆ ಹೇಳ್ಬೇಡ, ಪಾಪ, ಬೇಜಾರು ಮಾಡ್ಕೊಳ್ತಾರೆ’ ಎನ್ನುತ್ತಿದ್ದ. ಮದುವೆಯಾದಲ್ಲಿಂದ ಕೇಳಿದ್ದೇನೆ.

ಅವನಿಗೆ ಪ್ರಾಣ ಎಂದರೆ ನನ್ನ ರಾಜ್ಮಾ. ಬುಧವಾರ ನಾನು ಆಫೀಸಿನಿಂದ ಬೇಗ ಬಂದು ಅದನ್ನೇ ಮಾಡುತ್ತಿದ್ದೆ. ‘ಇಂಥದ್ದು ಪಂಜಾಬಿನಲ್ಲೂ ಸಿಗುವುದಿಲ್ಲ’ ಎಂದು ಹೇಳಿ ತಿನ್ನುತ್ತಿದ್ದ. ಎಲೆಗೆ ಅದನ್ನು ಬಡಿಸುವುದಾದರೆ ಬರುತ್ತೇನೆ. ಸತ್ತ ಮೇಲೂ ಅವನು ನಿಮಗೋಸ್ಕರ ಚಿಪ್ಪು ನುಂಗುವುದನ್ನು ಬಾಗಿಲ ಹೊರಗೆ ನಿಂತು ಕಾಯಲು ನನ್ನಿಂದ ಆಗುವುದಿಲ್ಲ.

ಸೌಜನ್ಯ

*

ಡೊಂಬಿವಲಿ ಪೂರ್ವ
19 ಮೇ 2024

ಸೌಜನ್ಯ,

ಉತ್ತರ ಬರೆಯಬಾರದೆಂದೇ ಇದ್ದೆ. ಬರೆಯದಿದ್ದರೆ ನೀನು ಹೇಳಿದ್ದನ್ನು ನಾನು ಒಪ್ಪಿದ ಹಾಗಾಗುತ್ತದೆ ಎಂದು ಬರೆಯುತ್ತಿದ್ದೇನೆ.

ರಾಜ್ಮಾ ಅಂತೆ! ಬುಧವಾರ ಅವನು ಸ್ಟೇಷನ್ ಹೊರಗೆ ವಡಾಪಾವ್ ತಿಂದೇ ಮನೆಗೆ ಬರುತ್ತಿದ್ದ. ‘ಇವತ್ತು ಆ ಕಲ್ಲುಬೀಜ ಉಂಟಲ್ಲಮ್ಮಾ, ಹೊಟ್ಟೆ ತುಂಬಿಸಿಕೊಂಡೇ ಬಂದೆ’ ಎಂದು ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳುತ್ತಿದ್ದ. ‘ಸೌಜುಗೆ ಹೇಳ್ಬೇಡಿ, ಪಾಪ, ಕೆಲಸದಿಂದ ದಣಿದು ಬಂದು ಮಾಡ್ತಾಳೆ’ ಎನ್ನುತ್ತಿದ್ದ. ನಾನು ಹೇಳಲಿಲ್ಲ. ಈಗ ಹೇಳಿದೆ. ಸಿಟ್ಟು ಬಂದರೆ ಬರಲಿ.

ರಮಿತಾಳ ಹತ್ತಿರವೂ ಇದನ್ನೆಲ್ಲ ಹೇಳಿದೆ. ಅವಳು ನ್ಯಾಯ ಹೇಳುತ್ತಾಳೆ ಎಂದುಕೊಂಡರೆ ಕಣ್ಣು ಪಿಳಿಪಿಳಿ ಮಾಡುತ್ತ, ‘ಆಂಟೀ, ನಿಮಗೆ ಸೌಜನ್ಯಳ ಮೇಲೆ ಕೋಪ, ಅದು ಗೊತ್ತಾಯ್ತು. ಯತಿನ್ ಮೇಲೆ ಯಾವತ್ತೂ ಕೋಪ ಬರುವುದಿಲ್ವಾ?’ ಎಂದು ಕೇಳಿದಳು. ನಾನು ಎದ್ದು ಬಂದುಬಿಟ್ಟೆ. ಸತ್ತ ಮಗನ ಮೇಲೆ ತಾಯಿಗೆ ಕೋಪ ಬರಬೇಕಂತೆ. ಆಟೋದವನ ಹತ್ತಿರ ಸ್ಟೇಷನ್ನಿನವರೆಗೂ ಅವಳನ್ನು ಬೈದೆ. ಅವನು ಕಲಬುರಗಿಯವನು, ಇಲ್ಲೇ ಕಳವಾ ಎಂಬ ಕಡೆ ಬಾಡಿಗೆ ಖೋಲಿಯಲ್ಲಿ ಇದ್ದಾನಂತೆ. ‘ಹೌದ್ರೀ ಅಕ್ಕಾರ, ಸತ್ತವರ ಮ್ಯಾಲ ಯಾರರೆ ಸಿಟ್ಟಾಗ್ತಾರೇನ್ರಿ’ ಎಂದ. ಓದಿದವರಿಗೆ ಇಷ್ಟು ಗೊತ್ತಿಲ್ಲ.

ಇನ್ನು ಮುಂದೆ ಅಲ್ಲಿಗೆ ಹೋಗುವುದಿಲ್ಲ. ಎಲೆಗೆ ಮರುವಾಯಿಯೇ. ನೀನು ಬಾರದಿದ್ದರೆ ಬೇಡ. ನನಗೆ ಸೊಸೆ ಇಲ್ಲ ಎಂದು ಭಾವನಿಗೆ ಹೇಳಿಬಿಡುತ್ತೇನೆ.

ಜಯಲತಾ

*

ನೇರೂಳು
30 ಜೂನ್ 2024

ಅತ್ತೆಗೆ,

ಸೊಸೆ ಇಲ್ಲ ಎಂದು ಹೇಳುವ ಮೊದಲು ಇದನ್ನೂ ಓದಿ. ಸತ್ತವನ ಮರ್ಯಾದೆ ಕಾಯುತ್ತ ಬೈಗುಳ ತಿಂದು ನನಗೂ ಸಾಕಾಯಿತು.

ನೇರೂಳಿನ ಮನೆ ನಾನು ಹುಡುಕಿದ್ದಲ್ಲ. ಯತಿನ್ ಹುಡುಕಿದ್ದು. ಅವನು ಹೋಗುವ ಮೊದಲೇ, ಆಗಸ್ಟಿನಲ್ಲಿ, ನಮ್ಮಿಬ್ಬರಿಗೆಂದು ಬಾಡಿಗೆಗೆ ಹಿಡಿದು ಬೀಗದ ಕೈ ತಂದು ನನಗೆ ಕೊಟ್ಟಿದ್ದ.

ಯಾಕೆ ಎಂದೂ ಬರೆಯುತ್ತೇನೆ. ನಾಚಿಕೆಯಾದರೆ ಆಗಲಿ. ಆ ಒಂದು ಕೋಣೆಯ ಮನೆಯಲ್ಲಿ ನಾವು ಗಂಡ ಹೆಂಡತಿಯ ಹಾಗೆ ಇರಲು ಆಗಲೇ ಇಲ್ಲ. ಹಾಲಿನಲ್ಲಿ ನೀವು ಮಗ್ಗುಲು ಬದಲಿಸಿದರೂ ಅವನು ಬೆಚ್ಚಿ ದೂರ ಸರಿಯುತ್ತಿದ್ದ. ಬರಬರುತ್ತ ನನ್ನ ಹತ್ತಿರ ಬರುವುದನ್ನೇ ಬಿಟ್ಟ. ‘ಮಗು ಯಾವಾಗ?’ ಎಂದು ನೀವು ಕೇಳಿದಾಗೆಲ್ಲ ನನಗೆ ಕಿರುಚಬೇಕು ಅನಿಸುತ್ತಿತ್ತು. ಕೊನೆಗೆ ನಾನೇ ಅವನನ್ನು ಎಳೆದುಕೊಂಡು ರಮಿತಾ ಹತ್ತಿರ ಹೋದೆ. ಹೌದು, ಇದೇ ರಮಿತಾ. ನಮ್ಮಿಬ್ಬರ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು. ನಿಮಗೆ ಹೇಳದಿದ್ದದ್ದು ಅವಳ ಕೆಲಸದ ನಿಯಮ.

ಬೇರೆ ಮನೆ ಮಾಡೋಣ ಎಂದು ಅಲ್ಲಿ ಒಪ್ಪಿದ. ಆದರೆ ನಿಮಗೆ ಹೇಳಬೇಕಲ್ಲ. ‘ಅಮ್ಮ ಬಿಡುವುದಿಲ್ಲ ಸೌಜೂ. ನಾನು ಸತ್ತ ಮೇಲೆ ಹೋಗಿ ಅಂತಾರೆ’ ಎಂದ. ಚೌತಿ ಕಳೆಯಲಿ, ಒಪ್ಪಿಸುತ್ತೇನೆ ಎಂದ. ಚೌತಿಯ ಗಣಪತಿ ನೀರಿಗೆ ಹೋಗುವ ಮೊದಲೇ ಅವನಿಗೆ ಜ್ವರ ಬಂತು.

ನೀವು ಒಂದು ಸಲ ‘ಹೋಗಿ’ ಎಂದಿದ್ದರೆ ನಾನು ಅವನ ಜತೆ ಒಂದು ತಿಂಗಳಾದರೂ ಸಂಸಾರ ಮಾಡುತ್ತಿದ್ದೆ. ಅದು ನನ್ನ ಸಂಕಟ. ಅದಕ್ಕೇ ನಾನು ಇಲ್ಲಿಗೆ ಬಂದದ್ದು. ಅವನು ಹಿಡಿದ ಮನೆಯಲ್ಲಿ ಒಬ್ಬಳೇ ಇದ್ದೇನೆ, ಕಿಟಕಿಗೆ ಪರದೆ ಕೂಡ ಹಾಕಿಲ್ಲ.

ಸೌಜನ್ಯ

*

ಡೊಂಬಿವಲಿ ಪೂರ್ವ
4 ಆಗಸ್ಟ್ 2024

ಸೌಜನ್ಯ,

ನಿನ್ನ ಕಾಗದವನ್ನು ಅಕ್ಕಿ ಡಬ್ಬಿಯ ಮೇಲೆ ಇಟ್ಟು ಮಳೆಗಾಲದ ಆಟಿ ತಿಂಗಳು ಮುಗಿಯುತ್ತ ಬಂತು. ಅಕ್ಕಿ ತೆಗೆಯುವಾಗಲೆಲ್ಲ ಓದಿದೆ. ಯಾವ ಕಡೆಯಿಂದ ಸುರು ಮಾಡುವುದು ಎಂದು ತಿಳಿಯಲಿಲ್ಲ.

‘ನಾನು ಸತ್ತ ಮೇಲೆ ಹೋಗಿ’ ಎಂದು ನಾನು ಹೇಳಲೇ ಇಲ್ಲ. ನನ್ನಾಣೆ, ಅವನಾಣೆ.

ಹೋದ ವರ್ಷದ ಆಟಿಯಲ್ಲಿ ಒಂದು ದಿನ ಪತ್ರೊಡೆ ತಿನ್ನುತ್ತ, ‘ಅಮ್ಮಾ, ನೇರೂಳಿನ ಕಡೆ ಒಂದು ಮನೆ ಉಂಟು’ ಎಂದ. ನನಗೆ ಕಣ್ಣಿಲ್ಲವೇ? ಎರಡು ಜೀವಗಳು ಆ ಕೋಣೆಯಲ್ಲಿ ಕಳ್ಳರ ಹಾಗೆ ಓಡಾಡುವುದು ಕಾಣುತ್ತಿರಲಿಲ್ಲವೇ? ‘ಮಾರಾಯಾ, ನಾಳೆಯೇ ಹೋಗಿ’ ಎಂದೆ. ಮರುದಿನ ಕಲ್ಯಾಣಕ್ಕೆ ಹೋಗಿ ನಿಮ್ಮ ಮನೆಗೆ ಪರದೆಯ ಬಟ್ಟೆಯನ್ನೂ ತಂದೆ. ಅದಾಗಿ ವಾರಕ್ಕೆ ಬಂದು ಮುಖ ಸಣ್ಣ ಮಾಡಿಕೊಂಡು, ‘ಬೇಡಮ್ಮಾ, ಸೌಜು ಒಪ್ಪುವುದಿಲ್ಲ. ಅತ್ತೆಯನ್ನು ಒಬ್ರೇ ಬಿಟ್ಟು ಹೇಗೆ ಹೋಗುವುದು ಅಂತ ಅಳ್ತಾಳೆ’ ಎಂದ.

ನಾನು ನಂಬಿದೆ. ಎಂಥ ಸೊಸೆ ಎಂದು ಬಿಲ್ಡಿಂಗಿನಲ್ಲಿ ಎಲ್ಲರ ಹತ್ತಿರ ಹೊಗಳಿದೆ. ಅಂಥವಳು ಅವನು ಹೋದ ಕೂಡಲೇ ನನ್ನನ್ನು ಒಬ್ಬಳನ್ನೇ ಬಿಟ್ಟು ಹೊರಟಾಗ ನನಗೆ ಏನಾಗಬೇಕು, ನೀನೇ ಹೇಳು.

ಇನ್ನೊಂದು ಉಂಟು. ಶನಿವಾರ ಸಂಜೆ ನಾನು ಭಜನೆಗೆ ಹೋಗುತ್ತಿದ್ದೆನಲ್ಲ, ನನಗೆ ಭಜನೆ ಎಂದರೆ ತಲೆನೋವು. ಆ ತಾಳದ ಸದ್ದನ್ನು ಯಾಕೆ ಸಹಿಸಿಕೊಂಡೆ ಎಂದು ಬಿಡಿಸಿ ಬರೆಯಬೇಕಾ? ‘ನಾನು ತಡವಾಗಿ ಬರ್ತೇನೆ, ನೀವಿಬ್ಬರೂ ಮನೆಯಲ್ಲೇ ಇರಿ’ ಎಂದು ಅವನಿಗೆ ಪ್ರತಿ ಸಲ ಹೇಳಿ ಹೋಗುತ್ತಿದ್ದೆ.

ಜಯಲತಾ

*

ನೇರೂಳು
11 ಆಗಸ್ಟ್ 2024

ಅತ್ತೆ,

ಶನಿವಾರ ನೀವು ಭಜನೆಗೆ ಹೊರಟ ಬೆನ್ನಿಗೇ ಅವನು ಗೆಳೆಯ ಮಯೂರ್ ಜತೆ ಫಡ್ಕೆ ರೋಡಿಗೆ ಚಹಾ ಕುಡಿಯಲು ಹೋಗುತ್ತಿದ್ದ! ನಾನು ಒಬ್ಬಳೇ ಟಿವಿ ನೋಡುತ್ತ ಕೂರುತ್ತಿದ್ದೆ. ನನ್ನ ಮುಖ ನೋಡಲು ಇಷ್ಟವಿಲ್ಲದೆ ನೀವು ಭಜನೆಗೆ ಹೋಗುತ್ತೀರಿ ಎಂದುಕೊಂಡಿದ್ದೆ.

ಅತ್ತೆಯನ್ನು ಬಿಟ್ಟು ಹೇಗೆ ಹೋಗುವುದು ಎಂದು ನಾನು ಅಳಲಿಲ್ಲ. ಅಳುವುದಿರಲಿ, ಆ ಮಾತನ್ನೇ ಆಡಲಿಲ್ಲ. ಬೀಗದ ಕೈ ಬ್ಯಾಗಿನಲ್ಲಿ ಇಟ್ಟುಕೊಂಡು ದಿನ ಎಣಿಸುತ್ತಿದ್ದೆ.

ನನಗೆ ಬೀಗದ ಕೈ ಕೊಟ್ಟು ಸಮಾಧಾನ ಮಾಡಿದ. ನಿಮಗೆ ನನ್ನ ಹೆಸರು ಹೇಳಿ ಸಮಾಧಾನ ಮಾಡಿದ. ಎಲ್ಲಿಗೂ ಹೋಗುವ ಮನಸ್ಸು ಇಲ್ಲದಿದ್ದದ್ದು ಅವನಿಗೇ. ಎಂಥ ಮನುಷ್ಯ ಅತ್ತೆ ಇವನು! ‘ನನಗೆ ಭಯ, ನನ್ನಿಂದ ಆಗುವುದಿಲ್ಲ’ ಎಂದು ಒಂದು ಸಲ ಬಾಯಿ ಬಿಟ್ಟು ಹೇಳಿದ್ದರೆ ಯಾರು ತಿನ್ನುತ್ತಿದ್ದರು ಅವನನ್ನು? ಈಗ ಎದುರಿಗೆ ಬಂದರೆ ಮೊದಲು ಎರಡು ಬಾರಿಸುತ್ತೇನೆ, ಆಮೇಲೆ ತಬ್ಬಿಕೊಳ್ಳುತ್ತೇನೆ. ನಿನ್ನೆ ಅವನ ಫೋಟೋವನ್ನು ಗೋಡೆಗೆ ತಿರುಗಿಸಿ ಇಟ್ಟೆ. ಸಂಜೆ ಪಾಪ ಎನಿಸಿ ಸರಿ ಮಾಡಿದೆ. ಸ್ವಲ್ಪ ಹೊತ್ತಿಗೆ ಸಿಟ್ಟು ಬಂದು ಮತ್ತೆ ತಿರುಗಿಸಿದೆ.

ರಮಿತಾ ನನಗೂ ಅದೇ ಪ್ರಶ್ನೆ ಕೇಳಿದ್ದಳು, ಯತಿನ್ ಮೇಲೆ ಕೋಪ ಇಲ್ವಾ ಎಂದು. ನಾನೂ ನಿಮ್ಮ ಹಾಗೆ ಎದ್ದು ಬಂದಿದ್ದೆ.

ಎಲೆಗೆ ಬರುತ್ತೇನೆ. ಏನು ಬಡಿಸುವುದು?

ಸೌಜನ್ಯ

*

ಡೊಂಬಿವಲಿ ಪೂರ್ವ
25 ಆಗಸ್ಟ್ 2024

ಸೌಜನ್ಯ,

ಹೆತ್ತು, ಸಾಕಿ, ಇಷ್ಟು ವರ್ಷ ಉಣ್ಣಲು ಹಾಕಿದ ನನಗೆ ನನ್ನ ಮಗನಿಗೆ ಏನು ಇಷ್ಟ ಎಂದು ಗೊತ್ತಿಲ್ಲ. ಪಕ್ಕದಲ್ಲಿ ಮಲಗಿದ ನಿನಗೂ ಗೊತ್ತಿಲ್ಲ. ಮಯೂರನಿಗೆ ಫೋನ್ ಮಾಡಿ ಕೇಳಿದೆ. ‘ಅವನಾ ಆಂಟಿ? ನಾನು ಏನು ತಗೊಂಡರೂ ನನಗೂ ಅದೇ ಅಂತಿದ್ದ’ ಎಂದ. ಆ ಹೊತ್ತಿಗೆ ನನಗೆ ಬಂದ ಸಿಟ್ಟಿಗೆ ಫೋನು ಒಡೆದುಹೋಗಬೇಕಿತ್ತು.

ಅದಕ್ಕೆ ಎರಡನ್ನೂ ಬಡಿಸುವುದು. ನನ್ನ ಮರುವಾಯಿ, ನಿನ್ನ ರಾಜ್ಮಾ, ಎಲೆ ತುಂಬ. ಬಾಗಿಲು ಎಳೆಯುವ ಮೊದಲು ಅವನಿಗೆ ಸರಿಯಾಗಿ ಹೇಳುವುದು ನನಗೆ ಉಂಟು. ಇವತ್ತು ಎರಡನ್ನೂ ಮುಗಿಸದೆ ಏಳಕೂಡದು, ಮಾತ್ರೆಯೂ ಇಲ್ಲ, ವಡಾಪಾವೂ ಇಲ್ಲ ಎಂದು ಹೇಳುತ್ತೇನೆ. ದಿನಾ ಪಾತ್ರೆ ತೊಳೆಯುವಾಗ ಅಭ್ಯಾಸ ಮಾಡುತ್ತಿದ್ದೇನೆ.

ದಯಾನಂದ ಭಾವ, ‘ನಮ್ಮ ಕುಲದಲ್ಲಿ ಯಾರ ಎಲೆಗೆ ರಾಜ್ಮಾ ಬಡಿಸಿದ್ದು ಉಂಟು?’ ಎಂದು ಕಣ್ಣು ಬಿಟ್ಟರು. ‘ಇನ್ನು ಮುಂದೆ ಉಂಟು’ ಎಂದೆ.

ತಿಥಿ ಸಪ್ಟೆಂಬರ್ ಹದಿನೈದಕ್ಕೆ ಬಿದ್ದಿದೆ, ಭಾನುವಾರ. ಬೀಜವನ್ನು ಹಿಂದಿನ ದಿನವೇ ನೆನೆಸಿ ಇಡು. ಕೋಣೆಯ ಕಪಾಟಿನ ಬೀಗದ ಕೈ ನಿನ್ನ ಹತ್ತಿರವೇ ಉಳಿದಿದೆ, ತೆಗೆದುಕೊಂಡು ಬಾ.

ಜಯಲತಾ

*

ಡೊಂಬಿವಲಿ ಪೂರ್ವ
18 ಸಪ್ಟೆಂಬರ್ 2024

ಸೌಜನ್ಯ,

ಸ್ಟೇಷನ್ನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಕೊಡುವಷ್ಟರಲ್ಲಿ ಠಾಣೆ ಗಾಡಿ ಬಂತು. ಫೋನಿನಲ್ಲಿ ಹೇಳಬಹುದಿತ್ತು. ಹೇಳಲು ಹೋದರೆ ನಡುವೆ ನಾನೇ ಕಟ್ ಮಾಡಿಬಿಡುತ್ತೇನೆ. ಆ ರಮಿತಾಳ ಕಾಗದದ ಹುಚ್ಚಿಗೆ ಇಷ್ಟು ಉಪಯೋಗ ಉಂಟು ಎಂದು ಅವಳಿಗೆ ಹೇಳಬೇಡ, ಮತ್ತೆ ನಾಲ್ಕು ಹೊಸ ಕೆಲಸ ಹೇಳುತ್ತಾಳೆ.

ಮೊದಲು ಬೇರೆ ವಿಷಯ. ನಿನ್ನ ರಾಜ್ಮಾದ ಬೀಜ ಒಳಗೆ ಗಟ್ಟಿಯೇ ಇತ್ತು. ನನ್ನ ಮುಂದೆ ಕೂತು ಮರುವಾಯಿ ಬಾಯಿಗಿಟ್ಟು, ‘ಅತ್ತೆ, ಮರಳು ಉಂಟು’ ಎಂದು ನೀನು ಹೇಳಿದೆಯಲ್ಲ, ನನಗೆ ಕೋಪವೂ ಬಂತು, ಖುಷಿಯೂ ಆಯಿತು. ಈ ಮನೆಯಲ್ಲಿ ಅಡುಗೆ ಸರಿ ಇಲ್ಲ ಎಂದು ಒಬ್ಬರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಪರದೆಯ ಬಟ್ಟೆಯನ್ನು ಟೇಲರಿಗೆ ಕೊಟ್ಟಿದ್ದೇನೆ. ಮುಂದಿನ ಭಾನುವಾರ ನಾನೇ ತರುತ್ತೇನೆ. ನನಗೆ ಅಲ್ಲಿ ಹಾಸಿಗೆ ಹಾಸಿ ಇಡಬೇಡ, ಸಂಜೆ ಗಾಡಿಗೆ ಹೊರಡುತ್ತೇನೆ. ನನ್ನ ಮನೆ ಇದು, ನಿನ್ನ ಮನೆ ಅದು. ಬಂದು ಹೋಗಲು ಗಾಡಿ ಉಂಟು.

ಈಗ ನೀನು ಕೇಳಿದ್ದು, ಬಾಗಿಲು ಎಳೆಯುವ ಮೊದಲು ನಾನು ಅವನಿಗೆ ಏನು ಹೇಳಿದೆ ಎಂದು. ನಾನು ಎಲೆಯ ಮುಂದೆ ಕೂತೆ. ನೀನು, ಭಾವ ಎಲ್ಲರೂ ಗ್ಯಾಲರಿಗೆ ಹೋಗಿದ್ದಿರಿ. ಅಭ್ಯಾಸ ಮಾಡಿದ ಬೈಗುಳವೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ತುಂಬಿದ ಎಲೆ ನೋಡುವಾಗ, ನಮ್ಮಿಬ್ಬರ ನಡುವೆ ಕೂತು ಒಮ್ಮೆ ನನ್ನ ಮುಖ, ಒಮ್ಮೆ ನಿನ್ನ ಮುಖ ನೋಡಿ ನುಂಗುತ್ತಿದ್ದ ಅವನ ಗಂಟಲೇ ಕಣ್ಣೆದುರು ಬಂತು. ಬೈಯಲು ಆಗಲಿಲ್ಲ.

‘ಮಗಾ, ಬಾಗಿಲು ಹಾಕ್ತೇನೆ, ಯಾರೂ ನೋಡುವುದಿಲ್ಲ’ ಎಂದೆ. ‘ನಿನಗೆ ಬೇಕಾದಷ್ಟೇ ತಿನ್ನು. ಬೇಡದ್ದನ್ನು ಎಲೆಯಲ್ಲೇ ಬಿಡು. ನಾವಿಬ್ಬರೂ ಬೇಜಾರು ಮಾಡಿಕೊಳ್ಳುವುದಿಲ್ಲ.’

ನಿನ್ನ ಅತ್ತೆ,
ಜಯಲತಾ